ಜಾಮ್ ಬಾಟಲಿಗಳ ಲೆಕ್ಕ

"ಆಯ್ಕೆ ಜಾಸ್ತಿಯಾದರೆ ಗಿರಾಕಿ ತಬ್ಬಿಬ್ಬಾಗಿ ಏನೂ ಕೊಳ್ಳದೆ ಹೋಗ್ತಾನೆ, ಅದಕ್ಕೇ ಅಂಗಡೀಲಿ ಸಾಮಾನಿನ ಬಗೆ ಕಡಿಮೆ ಮಾಡಿ" ಅನ್ನೋ ಉಪದೇಶವನ್ನು ನೀವೂ ಎಲ್ಲಾದರೂ ಕೇಳಿರ್ತೀರಿ. ಮ್ಯಾನೇಜ್‌ಮೆಂಟ್ ಪುಸ್ತಕಗಳಲ್ಲಿ, ಆಫೀಸಿನ ಪ್ರೆಸೆಂಟೇಶನ್‌ಗಳಲ್ಲಿ ಇದು ಬಂದೇ ಬರುತ್ತೆ. ಸಾಕ್ಷಿ ಏನು ಅಂತ ಕೇಳಿದರೆ ಬಹಳಷ್ಟು ಜನ ಬೆರಳು ತೋರಿಸೋದು ಒಂದೇ ಕಡೆಗೆ: ಜಾಮ್ ಪ್ರಯೋಗ.

ಪ್ರಯೋಗ ನಡೆದದ್ದು ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕ್‌ನ ಡ್ರೇಗರ್ಸ್ ಅನ್ನೋ ದೊಡ್ಡ ದಿನಸಿ ಅಂಗಡಿಯಲ್ಲಿ. ಮಾಡಿದವರು ಭಾರತೀಯ ಮೂಲದ ಶೀನಾ ಅಯ್ಯಂಗಾರ್ ಮತ್ತು ಸ್ಟ್ಯಾನ್‌ಫರ್ಡ್‌ನ ಮಾರ್ಕ್ ಲೆಪರ್, ಪ್ರಕಟವಾದದ್ದು 2000ದಲ್ಲಿ. ಎರಡು ಶನಿವಾರ ಬಾಗಿಲ ಹತ್ತಿರ ಒಂದು ರುಚಿ ನೋಡುವ ಮೇಜು ಇಟ್ಟರು. ಒಂದು ಹೊತ್ತು ಅದರ ಮೇಲೆ 24 ಬಗೆಯ ಜಾಮ್, ಇನ್ನೊಂದು ಹೊತ್ತು 6 ಬಗೆ. ರುಚಿ ನೋಡಿದವರಿಗೆ ಒಂದು ಡಾಲರ್ ರಿಯಾಯಿತಿ ಕೂಪನ್. 24 ಇದ್ದಾಗ ಹಾದುಹೋದ 242 ಜನರಲ್ಲಿ 145 ಜನ ನಿಂತರು, ಕೊಂಡವರು 4. ಆರೇ ಇದ್ದಾಗ 260ರಲ್ಲಿ 104 ಜನ ನಿಂತರು, ಕೊಂಡವರು 31. ಅಂದರೆ ನಿಂತವರಲ್ಲಿ ಶೇ. 3 ಎಲ್ಲಿ, ಶೇ. 30 ಎಲ್ಲಿ! ಇಷ್ಟು ಚೆಂದದ ಅಂಕಿ ಸಿಕ್ಕರೆ ಯಾರು ಬಿಡ್ತಾರೆ ಹೇಳಿ.

ಆದರೆ ಸ್ವಲ್ಪ ನಿಧಾನವಾಗಿ ನೋಡೋಣ. ಜನ ಸುಮ್ಮನೆ ಗೊತ್ತಿದ್ದದ್ದನ್ನೇ ತಗೊಂಡುಬಿಡಬಾರದು ಅಂತ ಸ್ಟ್ರಾಬೆರಿ, ರಾಸ್ಪ್‌ಬೆರಿಯಂಥ ಮಾಮೂಲಿ ರುಚಿಗಳನ್ನು ಮೇಜಿನಿಂದ ಮೊದಲೇ ತೆಗೆದಿದ್ದರು. ನಿಜವಾದ ಅಂಗಡಿಯಲ್ಲಿ ಹಾಗಿರುತ್ತಾ? ನಾವು ದಿನಾ ತರೋ ಸಾಮಾನಿಗೆ 24 ಬಗೆಯ ಗೊಂದಲ ಇರೋದೇ ಇಲ್ಲ, ಸೀದಾ ಹೋಗಿ ನಮ್ಮದನ್ನು ಎತ್ತಿಕೊಂಡು ಬರ್ತೀವಿ. ಎರಡನೆಯದು ಇನ್ನೂ ಮಜಾ. ಮೇಜಿನ ಮೇಲಿನ ಜಾಮ್ ಮಾರಾಟಕ್ಕಿರಲಿಲ್ಲ. ಕೂಪನ್ ಹಿಡಿದು ಒಳಗಿನ ಕಪಾಟಿಗೇ ಹೋಗಬೇಕಿತ್ತು, ಅಲ್ಲಿ ಆ ಕಂಪನಿಯ ಎಲ್ಲ ಬಗೆಯೂ ಇದ್ದವು. ಡ್ರೇಗರ್ಸ್‌ನಲ್ಲಿ ಒಟ್ಟು 300ಕ್ಕೂ ಹೆಚ್ಚು ಬಗೆಯ ಜಾಮ್! ಅಂದರೆ ಆ 31 ಜನ ಕೊಂಡದ್ದು ತುಂಬಿ ತುಳುಕುವ ಕಪಾಟಿನಿಂದಲೇ. ಅಂಗಡಿಯ ದಾಸ್ತಾನಿನಿಂದ ಒಂದು ಬಾಟಲಿಯೂ ಕಡಿಮೆಯಾಗಿರಲಿಲ್ಲ. ಪ್ರಯೋಗ ಹೇಳಿದ್ದು ಮೇಜಿನ ಕತೆ. ಕೇಳಿದವರು ಅದನ್ನು ಅಂಗಡಿಯ ಕತೆ ಮಾಡಿಕೊಂಡರು.

ಹಾಗಾದರೆ ಕಪಾಟಿನಿಂದಲೇ ಸಾಮಾನು ತೆಗೆದು ನೋಡಿದವರು ಇದ್ದಾರಾ? ಇದ್ದಾರೆ, ಅದೂ ಸಣ್ಣಪುಟ್ಟವರಲ್ಲ. ವಾಲ್‌ಮಾರ್ಟ್ 2008-09ರ ಸುಮಾರಿಗೆ ಅಮೆರಿಕದ ತನ್ನ ಅಂಗಡಿಗಳಲ್ಲಿ 'ಪ್ರಾಜೆಕ್ಟ್ ಇಂಪ್ಯಾಕ್ಟ್' ಶುರು ಮಾಡಿತು. ಓಡಾಡುವ ದಾರಿಯಲ್ಲಿದ್ದ ರಾಶಿಗಳನ್ನು ತೆಗೆದರು, ಕಪಾಟಿನ ಎತ್ತರ ಇಳಿಸಿದರು, ಸಾವಿರಾರು ಸಾಮಾನು ಕೈಬಿಟ್ಟರು. 2010ರಲ್ಲಿ ಪ್ಲಾಸ್ಟಿಕ್ ಚೀಲದ ದೊಡ್ಡ ಬ್ರಾಂಡ್‌ಗಳಾದ ಗ್ಲ್ಯಾಡ್ ಮತ್ತು ಹೆಫ್ಟಿಯನ್ನೂ ಕಪಾಟಿನಿಂದ ಇಳಿಸಿದ್ದು ಸುದ್ದಿಯಾಯ್ತು. ಅಂಗಡಿ ಈಗ ಚೆನ್ನಾಗಿದೆ ಅಂತ ಗಿರಾಕಿಗಳೇ ಮೆಚ್ಚಿದರು. ಆದರೆ ಕೊಂಡದ್ದು ಕಡಿಮೆ! ಹಳೇ ಅಂಗಡಿಗಳ ಮಾರಾಟ ಸತತ ಒಂಬತ್ತು ತ್ರೈಮಾಸಿಕ ಇಳಿಯಿತು. ಕೊನೆಗೆ 2011ರ ಏಪ್ರಿಲ್‌ನಲ್ಲಿ ಸುಮಾರು 8,500 ಸಾಮಾನು ವಾಪಸ್ ತರ್ತೀವಿ ಅಂತ ಕಂಪನಿಯೇ ಹೇಳಿತು.

ಇಲ್ಲಿ ನಾನೂ ಅದೇ ತಪ್ಪು ಲೆಕ್ಕ ಹಾಕಬಾರದು. ಆ ವರ್ಷಗಳಲ್ಲಿ ಆರ್ಥಿಕ ಹಿಂಜರಿತ ಇತ್ತು, ಕೆಲಸ ಕಳೆದುಕೊಂಡವರಿದ್ದರು, ಡಾಲರ್ ಅಂಗಡಿಗಳ ಪೈಪೋಟಿ ಇತ್ತು. ಇಳಿಕೆಗೆಲ್ಲ ಖಾಲಿಯಾದ ಕಪಾಟೇ ಕಾರಣ ಅನ್ನೋಕಾಗಲ್ಲ. ಆದರೆ ಒಂದಂತೂ ಖಚಿತ. 'ಅಂಗಡಿ ಚೊಕ್ಕಟವಾಗಿರಬೇಕಾ?' ಅಂತ ಕೇಳಿದರೆ ಯಾರಾದರೂ ಹೂಂ ಅಂತಾರೆ. 'ನಿಮಗೆ ಬೇಕಾದ ಸಾಮಾನನ್ನೇ ತೆಗೆದು ಚೊಕ್ಕಟ ಮಾಡಲಾ?' ಅನ್ನೋದು ಬೇರೆಯೇ ಪ್ರಶ್ನೆ.

ಈ ವ್ಯತ್ಯಾಸ ತೋರಿಸುವ ಎರಡು ಅಧ್ಯಯನಗಳಿವೆ. 2001ರಲ್ಲಿ ಬೋಟ್‌ರೈಟ್ ಮತ್ತು ನ್ಯೂನ್ಸ್ ಒಂದು ಆನ್‌ಲೈನ್ ದಿನಸಿ ಅಂಗಡಿಯ ಲೆಕ್ಕ ನೋಡಿದರು. ಬಗೆ ಕಡಿಮೆ ಮಾಡಿದ 42 ವಿಭಾಗಗಳಲ್ಲಿ ಮಾರಾಟ ಸರಾಸರಿ ಶೇ. 11 ಏರಿತ್ತು. ಭೇಷ್! ಆದರೆ 2005ರಲ್ಲಿ ಇದೇ ಇಬ್ಬರು ಇನ್ನೂ ಮೂವರ ಜೊತೆ ಸೇರಿ, ಆನ್‌ಲೈನ್ ಅಂಗಡಿಯೊಂದರಲ್ಲಿ ಬಗೆ ಕಡಿಮೆಯಾದ ಮೇಲೆ ಗಿರಾಕಿ ಎಷ್ಟು ಸಲ ಬರ್ತಾನೆ ಅಂತ ನೋಡಿದಾಗ, ಬರುವುದೂ ಕಡಿಮೆ, ಕೊಳ್ಳುವುದೂ ಕಡಿಮೆ, ಒಟ್ಟು ಮಾರಾಟವೂ ಕಡಿಮೆ ಅಂತ ಬಂತು. ವಿಷಯ ಸರಳ: ನಿಧಾನ ಖರ್ಚಾಗುವ ಒಂದು ಸಾಮಾನು ತೆಗೆದರೆ ಆ ಸಾಮಾನಷ್ಟೇ ಹೋಗಲ್ಲ, ಅದಕ್ಕಾಗಿ ಬರುತ್ತಿದ್ದವನು ಇಡೀ ಬುಟ್ಟಿ ಸಮೇತ ಪಕ್ಕದ ಅಂಗಡಿಗೆ ಹೋಗ್ತಾನೆ. ವಿಭಾಗವಾರು ಲೆಕ್ಕದಲ್ಲಿ ಅವನು ಕಾಣಿಸೋದೇ ಇಲ್ಲ.

ಜಾಮ್ ಕತೆಗೆ ಏನಾಯ್ತು? 2010ರಲ್ಲಿ ಶೈಬೆಹೆನ್ನೆ ಮತ್ತು ಸಂಗಡಿಗರು ಇಂಥ 50 ಪ್ರಯೋಗಗಳನ್ನು ಒಟ್ಟಿಗಿಟ್ಟು ಲೆಕ್ಕ ಹಾಕಿದರು. ಸರಾಸರಿ ಪರಿಣಾಮ ಹೆಚ್ಚುಕಡಿಮೆ ಸೊನ್ನೆ! ಕೆಲವು ಕಡೆ ಆಯ್ಕೆ ಹೆಚ್ಚಾದರೆ ಕಷ್ಟ, ಕೆಲವು ಕಡೆ ಅದೇ ಅನುಕೂಲ. 2015ರಲ್ಲಿ ಚೆರ್ನೆವ್ ಮತ್ತಿತರರು ಯಾವಾಗ ಕಷ್ಟ ಅಂತ ವಿಂಗಡಿಸಿದರು: ತನಗೇನು ಬೇಕು ಅಂತ ಗೊತ್ತಿಲ್ಲದಿದ್ದಾಗ, ಸಾಮಾನುಗಳನ್ನು ಹೋಲಿಸೋದು ಜಟಿಲವಾದಾಗ, ಹೀಗೆ. ಅಂದರೆ ಗೊಂದಲ ನಿಜವೇ, ಆದರೆ ಎಲ್ಲರಿಗೂ ಅಲ್ಲ, ಎಲ್ಲ ಸಾಮಾನಿಗೂ ಅಲ್ಲ.

ಬಗೆ ಕಡಿಮೆ ಮಾಡೋಕೆ ಅಂಗಡಿಯವನಿಗೆ ತನ್ನದೇ ಕಾರಣಗಳಿರಬಹುದು. ಗೋದಾಮಿನ ಖರ್ಚು ಉಳಿಯುತ್ತೆ, ಉಳಿದ ಕಂಪನಿಗಳ ಹತ್ತಿರ ಚೌಕಾಸಿ ಮಾಡೋಕಾಗುತ್ತೆ, ಸ್ವಂತ ಬ್ರಾಂಡಿಗೆ ಜಾಗ ಸಿಗುತ್ತೆ. ತಪ್ಪೇನಿಲ್ಲ, ಅದು ವ್ಯಾಪಾರ. ಆದರೆ ಅದನ್ನು ಹಾಗೇ ಹೇಳಲಿ. ಎರಡು ಶನಿವಾರದ 35 ಬಾಟಲಿ ಜಾಮ್ ಮುಂದಿಟ್ಟು, 'ಇದೆಲ್ಲ ನಿಮ್ಮ ಒಳ್ಳೇದಕ್ಕೇ' ಅಂದರೆ ನಂಬೋದು ಸ್ವಲ್ಪ ಕಷ್ಟ. ನೀವೇನಂತೀರಿ?