ಹಸುಳೆಗಳ ಶಸ್ತ್ರಚಿಕಿತ್ಸೆ: ಗಾಯದ ನಂಜು ತಡೆಯ ಇತಿಹಾಸ (ಭಟ್ಕಳ–ಹೊನ್ನಾವರ–ಕುಮಟಾ)

ಶಸ್ತ್ರಚಿಕಿತ್ಸೆಯಾದ ಹಸುಳೆಯ ಗಾಯ ಕೀವುಗಟ್ಟದಂತೆ, ನಂಜು ರಕ್ತಕ್ಕೇರದಂತೆ ಕಾಯುವ ಕ್ರಮಗಳು ಸುಮಾರು ಒಂದೂಮುಕ್ಕಾಲು ಶತಮಾನದಲ್ಲಿ ರೂಪುಗೊಂಡಿವೆ. ನವಜಾತ ಶಿಶುವಿನ ಚರ್ಮ ತೆಳು, ರೋಗನಿರೋಧಕ ಶಕ್ತಿ ಎಳೆಯದು, ಮೈ ಬೇಗ ತಣ್ಣಗಾಗುತ್ತದೆ. ಹೊಲಿಗೆಯ ಬಳಿ ಶುರುವಾದ ಸೋಂಕು ಬೇಗನೆ ಮೈಯೆಲ್ಲ ಹರಡಬಹುದು.

ಹಿನ್ನೆಲೆ: 1847ರಲ್ಲಿ ವಿಯೆನ್ನಾದಲ್ಲಿ ವೈದ್ಯ ಸೆಮ್ಮೆಲ್‌ವೈಸ್ ಸಹವೈದ್ಯರ ಕೈಗಳನ್ನು ಕ್ಲೋರಿನ್ ದ್ರಾವಣದಲ್ಲಿ ತೊಳೆಸಿ ಬಾಣಂತಿ ಜ್ವರದ ಸಾವುಗಳನ್ನು ತಗ್ಗಿಸಿದರು. 1867ರಲ್ಲಿ ಶಸ್ತ್ರವೈದ್ಯ ಲಿಸ್ಟರ್ ಗಾಯಕ್ಕೆ ಕಾರ್ಬಾಲಿಕ್ ಆಮ್ಲ ಬಳಸಿದ ವಿಧಾನವನ್ನು ಪ್ರಕಟಿಸಿದರು. ಪ್ರತಿಜೀವಕ ಔಷಧ ಕೊಯ್ಯುವ ಮೊದಲೇ ಮೈ ಸೇರಿರಬೇಕೆಂದು 1961ರಲ್ಲಿ ಶಸ್ತ್ರವೈದ್ಯ ಬರ್ಕ್ ಪ್ರಯೋಗದಿಂದ ತೋರಿಸಿದರು.

ಕರಾವಳಿಯಲ್ಲಿ: ಎಲ್ಲೆಡೆಯಂತೆ ಇಲ್ಲಿಯೂ ಮಗುವಿನ ಮೊದಲ ಗಾಯ ಹೊಕ್ಕುಳದ್ದೇ. ಮನೆಹೆರಿಗೆಯ ಕಾಲದಲ್ಲಿ ಕೊಳಕು ಬ್ಲೇಡು, ದಾರಗಳಿಂದ ಧನುರ್ವಾಯು ತಗಲುವ ಅಪಾಯವಿತ್ತು. ಗರ್ಭಿಣಿಯರಿಗೆ ಲಸಿಕೆ, ಶುಚಿಯಾದ ಹೆರಿಗೆ, ಆಸ್ಪತ್ರೆ ಹೆರಿಗೆಗಳಿಂದ ಅದು ಹಿಂದೆ ಸರಿಯಿತು; ತಾಯಿ–ಶಿಶು ಧನುರ್ವಾಯುವನ್ನು ಭಾರತ ನಿರ್ಮೂಲನೆ ಮಾಡಿತೆಂದು 2015ರಲ್ಲಿ ದೃಢಪಟ್ಟಿತು. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಅಸ್ವಸ್ಥ ನವಜಾತರ ಚಿಕಿತ್ಸೆ, ಸಾಗಣೆಗಳನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತಗೊಳಿಸಿತು.

ಹುಟ್ಟಿನಿಂದಲೇ ಬಂದ ದೋಷಗಳ ದೊಡ್ಡ ಶಸ್ತ್ರಚಿಕಿತ್ಸೆಗೆ ಇಲ್ಲಿನವರು ಹೆಚ್ಚಾಗಿ ಮಣಿಪಾಲ, ಮಂಗಳೂರಿನ ದಾರಿ ಹಿಡಿಯುತ್ತಾರೆ. ಭಟ್ಕಳದಿಂದ ಉಡುಪಿಗೇ ಸುಮಾರು 90 ಕಿ.ಮೀ.; ಹೊನ್ನಾವರ, ಕುಮಟಾಗಳಿಂದ ಇನ್ನೂ ದೂರ. ಹಾಗಾಗಿ ನಂಜು ತಡೆ ಆಂಬುಲೆನ್ಸಿನಲ್ಲೇ ಆರಂಭವಾಗಬೇಕು. ಕರುಳು ಹೊಟ್ಟೆಯಿಂದ ಹೊರಬಂದು ಹುಟ್ಟಿದ ಮಗುವಾದರೆ ಆ ಭಾಗವನ್ನು ಶುದ್ಧ ಪ್ಲಾಸ್ಟಿಕ್ಕಿನಿಂದ ಮುಚ್ಚಿ, ಮೈ ಬೆಚ್ಚಗಿಟ್ಟು ಒಯ್ಯುತ್ತಾರೆ. ಅರಿಸಿನ, ಎಣ್ಣೆ ಏನನ್ನೂ ಹಚ್ಚಬಾರದು. 2022ರ ಜುಲೈ 20ರಂದು ಹೊನ್ನಾವರದಿಂದ ಹೊರಟ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ನಾಲ್ವರು ಸತ್ತ ಮೇಲೆ, ಉತ್ತರ ಕನ್ನಡ ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಜೋರಾಯಿತು.

ಈಗಿನ ಕ್ರಮ: ವಿಶ್ವ ಆರೋಗ್ಯ ಸಂಸ್ಥೆಯ 2016ರ ಮಾರ್ಗಸೂಚಿಯಂತೆ, ಅಗತ್ಯವಿರುವಲ್ಲಿ ಪ್ರತಿಜೀವಕವನ್ನು ಕೊಯ್ಯುವ ಮುನ್ನ 120 ನಿಮಿಷದೊಳಗೆ ಕೊಡಬೇಕು, ಶಸ್ತ್ರಚಿಕಿತ್ಸೆ ಮುಗಿದ ಮೇಲೆ ತಡೆಗೆಂದು ಅದನ್ನು ಮುಂದುವರಿಸಬಾರದು, ಮೈಬಿಸಿ ಕಾಯಬೇಕು. ಹಸುಳೆಗಳಿಗೆ ಪ್ರಮಾಣ ನಿಗದಿಯಾಗುವುದು ತೂಕ ನೋಡಿ. ಅವಧಿಗೆ ಮುನ್ನ ಹುಟ್ಟಿದವರಲ್ಲಿ ಆಲ್ಕೊಹಾಲ್ ಬೆರೆತ ಕ್ಲೋರ್‌ಹೆಕ್ಸಿಡಿನ್ ಚರ್ಮವನ್ನು ಸುಡಬಹುದಾದ್ದರಿಂದ ಎಚ್ಚರ ಬೇಕು. ಭಾರತವೂ ಸೇರಿ ಏಳು ದೇಶಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ಚೀತಾ ಅಧ್ಯಯನದಲ್ಲಿ, ಹೊಟ್ಟೆ ಹೊಲಿಯುವ ಮುನ್ನ ಕೈಗವಸು, ಉಪಕರಣ ಬದಲಿಸಿದ್ದರಿಂದ ಸೋಂಕು ಶೇ. 18.9ರಿಂದ 16ಕ್ಕೆ ಇಳಿಯಿತು.

ಶಸ್ತ್ರಚಿಕಿತ್ಸೆಯಾದ 30 ದಿನಗಳೊಳಗೆ ಹೊಲಿಗೆ ಕೆಂಪಾದರೆ, ಕೀವು ಒಸರಿದರೆ, ಮಗು ಹಾಲು ಬಿಟ್ಟರೆ ಅಥವಾ ಮೈ ತಣ್ಣಗಾದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.