ಬಿದ್ದು ಬದುಕಿದವರ ಸಾಕ್ಷ್ಯ

ದೊಡ್ಡ ಅಪಘಾತದಿಂದ ಪಾರಾಗಿ ಬಂದವರ ಬಗ್ಗೆ ನಮ್ಮಲ್ಲಿ ಮಾತುಗಳಿಗೆ ಬರವಿಲ್ಲ. ‘ಆಯುಸ್ಸು ಗಟ್ಟಿಯಿತ್ತು’, ‘ಯಮನ ಬಾಯಿಂದ ಬಂದ’, ‘ಭೂಮಿಯ ಋಣ ಇನ್ನೂ ತೀರಿರಲಿಲ್ಲ’ ಎನ್ನುತ್ತೇವೆ. ನೋಡಲು ಬಂದ ನೆಂಟರಿಷ್ಟರು ಬಸ್ಸು ಯಾವುದು, ತಪ್ಪು ಯಾರದು, ಎಷ್ಟು ಹೊಲಿಗೆ ಬಿತ್ತು ಎಂದೆಲ್ಲ ವಿಚಾರಿಸುತ್ತಾರೆ. ಆ ಗಳಿಗೆಯಲ್ಲಿ ನಿನ್ನ ಮನಸ್ಸಿನಲ್ಲಿ ಏನಿತ್ತು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕೇಳುವುದು ಅಪಶಕುನವೆಂಬ ಅಳುಕೂ ಇರಬಹುದು. ಈ ಪ್ರಶ್ನೆಯನ್ನು ಹಟ ಹಿಡಿದು, ಎರಡು ದಶಕಗಳ ಕಾಲ, ಬಿದ್ದು ಬದುಕಿದವರನ್ನೆಲ್ಲ ಹುಡುಕಿಕೊಂಡು ಹೋಗಿ ಕೇಳಿದವನು ವೈದ್ಯನಲ್ಲ, ಧರ್ಮಗುರುವೂ ಅಲ್ಲ. ಆತ ಬೆಟ್ಟಗಳ ಕಲ್ಲುಪದರಗಳನ್ನು ಓದುತ್ತಿದ್ದ ಸ್ವಿಟ್ಜರ್‌ಲೆಂಡಿನ ಭೂವಿಜ್ಞಾನಿ ಆಲ್ಬರ್ಟ್ ಹೈಮ್.

ಕೇಳಲು ಅವನಿಗೆ ಸ್ವಂತ ಕಾರಣವಿತ್ತು. 1871ರ ವಸಂತದಲ್ಲಿ, ಸುಮಾರು 22ರ ಹರೆಯದಲ್ಲಿ, ಹೈಮ್ ತನ್ನ ಸಹೋದರ ಮತ್ತು ಗೆಳೆಯರೊಡನೆ ಆಲ್ಪ್ಸ್ ಶ್ರೇಣಿಯ ಜೆಂಟಿಸ್ ಶಿಖರದಿಂದ ಇಳಿಯುತ್ತಿದ್ದ. ಕಡಿದಾದ ಹಿಮದ ಇಳಿಜಾರು. ಗಾಳಿಗೆ ಟೋಪಿ ಹಾರಿತು. ಹಾರಿದ್ದನ್ನು ಹೋಗಲಿ ಎಂದು ಬಿಡುವ ಬದಲು ಹಿಡಿಯಲು ಕೈಚಾಚಿದ. ಕಾಲು ಜಾರಿತು. ಹಿಮದ ಮೇಲೆ ಜಾರುತ್ತಾ, ಬಂಡೆಗೆ ಬೆನ್ನು ತಾಗಿಸುತ್ತಾ ಹೋದವನು ಕಡೆಯ 20 ಮೀಟರ್‌ನಷ್ಟನ್ನು ಬರಿಯ ಗಾಳಿಯಲ್ಲಿ ಕ್ರಮಿಸಿ ಕೆಳಗಿನ ಹಿಮದ ದಿಬ್ಬಕ್ಕೆ ಬಡಿದ.

20 ಮೀಟರ್ ಬೀಳಲು ತಗಲುವುದು ಎರಡು ಸೆಕೆಂಡು. ಜಾರಿದ್ದನ್ನೂ ಸೇರಿಸಿದರೆ ಇನ್ನು ಕೆಲವು ಸೆಕೆಂಡು. ಅಷ್ಟರಲ್ಲಿ ತನ್ನ ತಲೆಯಲ್ಲಿ ಹಾದುಹೋದದ್ದನ್ನು ಹೈಮ್ ಆಮೇಲೆ ಬರೆದ ವಿವರ ಬೆರಗು ಹುಟ್ಟಿಸುವಂಥದು. ಬಿದ್ದ ಮೇಲೆ ಬದುಕಿದ್ದರೆ ಮೊದಲು ಏನು ಮಾಡಬೇಕು ಎಂದು ಯೋಚಿಸಿದ. ಗಾಜು ಚೂರಾಗಿ ಕಣ್ಣಿಗೆ ಹೊಕ್ಕೀತೆಂದು ಕನ್ನಡಕ ತೆಗೆದು ಎಸೆಯಬೇಕೆಂದುಕೊಂಡ. ಎಚ್ಚರ ತಪ್ಪದಂತೆ ಜೊತೆಯಲ್ಲಿದ್ದ ಔಷಧದ ಒಂದೆರಡು ಹನಿ ನಾಲಗೆಗೆ ಬಿಟ್ಟುಕೊಳ್ಳಬೇಕು, ಕೈಯ ಊರುಗೋಲನ್ನು ಬಿಡಬಾರದು ಎಂದುಕೊಂಡ. ಮೇಲಿರುವ ಗೆಳೆಯರು ಗಾಬರಿಯಾಗದಂತೆ, ನನಗೇನೂ ಆಗಿಲ್ಲ ಎಂದು ಕೂಗಿ ಹೇಳಬೇಕು. ಐದು ದಿನಗಳ ಬಳಿಕ ವಿಶ್ವವಿದ್ಯಾಲಯದಲ್ಲಿ ಕೊಡಬೇಕಾಗಿರುವ ಮೊದಲ ಉಪನ್ಯಾಸ ಇನ್ನು ಸಾಧ್ಯವಿಲ್ಲ. ಸಾವಿನ ಸುದ್ದಿ ಮನೆಗೆ ಮುಟ್ಟುವುದನ್ನೂ ಕಂಡ. ಮನಸ್ಸಿನಲ್ಲೇ ಮನೆಯವರನ್ನು ಸಂತೈಸಿದ. ಆಮೇಲೆ ದೂರದ ರಂಗಮಂಚದ ಮೇಲೆ ನಡೆದಂತೆ ತನ್ನ ಇಡೀ ಜೀವನ ಚಿತ್ರಚಿತ್ರವಾಗಿ ಕಾಣಿಸಿತು. ಆ ನಾಟಕದ ಮುಖ್ಯ ಪಾತ್ರಧಾರಿ ತಾನೇ. ಭಯವಿಲ್ಲ, ನೋವಿಲ್ಲ, ಪಶ್ಚಾತ್ತಾಪವಿಲ್ಲ. ನೀಲಿ ಆಕಾಶ, ಗುಲಾಬಿ ಬಣ್ಣದ ಮೋಡಗಳು. ಕೊನೆಗೆ ದೊಪ್ಪೆಂದ ಸದ್ದು. ಅದು ತನ್ನದೇ ಮೈ ಬಿದ್ದ ಸದ್ದು.

ಕೂಡಲೇ ‘ನನಗೇನೂ ಆಗಿಲ್ಲ’ ಎಂದು ಮೂರು ನಾಲ್ಕು ಸಲ ಕೂಗಿದೆ ಎಂದೇ ಹೈಮ್ ತಿಳಿದಿದ್ದ. ವಾಸ್ತವವಾಗಿ ನಡುವೆ ಅರ್ಧ ಗಂಟೆ ಆತ ಎಚ್ಚರ ತಪ್ಪಿ ಬಿದ್ದಿದ್ದ. ಅಂದರೆ ಎರಡು ಸೆಕೆಂಡು ಅವನ ಪಾಲಿಗೆ ಒಂದು ಆಯುಷ್ಯದಷ್ಟು ಹಿಗ್ಗಿತ್ತು, ಅರ್ಧ ಗಂಟೆ ಹೇಳಹೆಸರಿಲ್ಲದೆ ಮಾಯವಾಗಿತ್ತು. ಕನ್ನಡಕ ಮಾತ್ರ ಒಡೆಯದೆ ಪಕ್ಕದ ಹಿಮದ ಮೇಲೆ ಬಿದ್ದಿತ್ತು.

ಅಲ್ಲಿಂದ ಮುಂದೆ ಹೈಮ್ ಸಾಕ್ಷಿಗಳನ್ನು ಕೂಡಿಹಾಕತೊಡಗಿದ. ಪರ್ವತಾರೋಹಿಗಳು, ಮಾಡು ಹೊದಿಸುವಾಗ ಜಾರಿ ಬಿದ್ದ ಕೂಲಿಗಳು, ಯುದ್ಧದಲ್ಲಿ ಗಾಯಗೊಂಡ ಸೈನಿಕರು, ರೈಲು ಅಪಘಾತದಲ್ಲಿ ಉಳಿದವರು, ಮುಳುಗಿ ಬದುಕಿದ ಮೀನುಗಾರರು – ಓದಿದವರೆನ್ನದೆ ಓದದವರೆನ್ನದೆ ಎಲ್ಲರನ್ನೂ ವಿಚಾರಿಸಿದ. ನೂರಕ್ಕೆ 95 ಮಂದಿಯ ಹೇಳಿಕೆ ಒಂದೇ ಬಗೆಯದೆಂದು ಅವನ ತೀರ್ಮಾನ. 1892ರ ಫೆಬ್ರುವರಿಯಲ್ಲಿ ಸ್ವಿಸ್ ಆಲ್ಪೈನ್ ಕ್ಲಬ್ಬಿನ ಜ್ಯೂರಿಕ್ ಶಾಖೆಯ ಸದಸ್ಯರ ಮುಂದೆ ಇದನ್ನು ಮಂಡಿಸಿದ. ಅದೇ ವರ್ಷ ಕ್ಲಬ್ಬಿನ ವಾರ್ಷಿಕದಲ್ಲಿ ಲೇಖನ ಅಚ್ಚಾಯಿತು. ಸಾವಿನಂಚಿನ ಅನುಭವಗಳನ್ನು ಹೀಗೆ ಸಂಗ್ರಹಿಸಿ ಅಧ್ಯಯನ ಮಾಡಿದ ಮೊದಲ ಬರಹಗಳಲ್ಲಿ ಇದೊಂದು.

ಹೈಮನ ಉದ್ದೇಶ ಪರಲೋಕದ ಶೋಧನೆಯಲ್ಲ. ಬೆಟ್ಟದಲ್ಲಿ ಮಗನನ್ನೋ ಅಣ್ಣತಮ್ಮನನ್ನೋ ಕಳೆದುಕೊಂಡವರು, ಅವನು ಬೀಳುವಾಗ ಎಷ್ಟು ನರಳಿದನೋ ಎಂಬ ಕೊರಗಿನಲ್ಲೇ ಬೇಯುತ್ತಾರೆ. ಇಲ್ಲ, ಅವನು ನರಳಲಿಲ್ಲ, ನೋಡಿದವರ ಸಂಕಟವೇ ಹೆಚ್ಚಿನದು ಎಂದು ಅವರಿಗೆ ಹೇಳುವುದು ಅವನಿಗೆ ಮುಖ್ಯವಾಗಿತ್ತು. ಇದಕ್ಕೆ ಆತ ಕೊಟ್ಟ ಉದಾಹರಣೆ ಮನಸ್ಸಿನಲ್ಲಿ ಉಳಿಯುತ್ತದೆ. ಬೆಟ್ಟದಿಂದ ಹಸುವೊಂದು ಉರುಳಿ ಬಿದ್ದದ್ದನ್ನು ಆತ ಒಮ್ಮೆ ಕಂಡಿದ್ದ. ಆ ನೆನಪು ವರ್ಷಗಳ ಬಳಿಕವೂ ಚುಚ್ಚುತ್ತಿತ್ತು. ತಾನೇ ಬಿದ್ದ ನೆನಪಾದರೋ ಹಿತವಾಗಿತ್ತು!

ಆದರೆ ಈ ಸಾಂತ್ವನದಲ್ಲಿ ಒಂದು ಬಿರುಕಿದೆ. ಹೈಮ್ ಮಾತಾಡಿಸಿದ್ದು ಬದುಕಿದವರನ್ನು. ಬದುಕದವರ ಹೇಳಿಕೆ ಯಾರ ಬಳಿಯೂ ಇಲ್ಲ. ಸತ್ತವರ ಪರವಾಗಿ ಉಳಿದವರು ನುಡಿದ ಸಾಕ್ಷ್ಯ ಅದು. ಜೊತೆಗೆ, ಎಲ್ಲರೂ ಸಾವು ಖಚಿತ ಎಂದು ನಂಬಿದವರೇ ಹೊರತು ದೇಹ ಸಾಯುವ ಹಂತ ಮುಟ್ಟಿದವರಲ್ಲ. ಹೈಮನ ಹೃದಯ ನಿಂತಿರಲಿಲ್ಲ, ಮಿದುಳಿಗೆ ರಕ್ತ ನಿಂತಿರಲಿಲ್ಲ. ಆದರೂ ಬಾಳಿನ ಚಿತ್ರಗಳು ಬಂದವು. ಆದ್ದರಿಂದ ಈ ಅನುಭವಕ್ಕೆ ಸಾಯುವುದು ಬೇಕಾಗಿಲ್ಲ. ಇನ್ನು ಮುಗಿಯಿತು ಎಂದು ಮನಸ್ಸಿಗೆ ಖಾತರಿಯಾದರೆ ಸಾಕು ಎಂದು ಹೇಳಬೇಕಾಗುತ್ತದೆ. ಜ್ಯೂರಿಕ್‌ನವನೇ ಆದ ಪಾದ್ರಿ, ಫ್ರಾಯ್ಡನ ಗೆಳೆಯ ಆಸ್ಕರ್ ಫಿಸ್ಟರ್ 1930ರಲ್ಲಿ ಹೈಮನ ವಿವರವನ್ನೆತ್ತಿಕೊಂಡು ಬರೆದದ್ದು ಇದೇ ಜಾಡಿನಲ್ಲಿ. ಸಹಿಸಲಾಗದ ಸತ್ಯ ಎದುರಾದಾಗ ಮನಸ್ಸು ಅದರ ಮೇಲೆ ಹಿತವಾದ ಚಿತ್ರಗಳ ಪರದೆ ಎಳೆಯುತ್ತದೆ ಎಂಬುದು ಅವನ ವಾದ.

ಕಾಲ ನಿಧಾನವಾಗುವ ಮಾತನ್ನೂ ಪರೀಕ್ಷಿಸಿದ್ದಾರೆ. 2007ರಲ್ಲಿ ಅಮೆರಿಕದ ನರವಿಜ್ಞಾನಿ ಡೇವಿಡ್ ಈಗಲ್‌ಮನ್ ಮತ್ತು ಸಂಗಡಿಗರು ಧೈರ್ಯವಂತ ಸ್ವಯಂಸೇವಕರನ್ನು 31 ಮೀಟರ್ ಎತ್ತರದಿಂದ ಬಲೆಯೊಳಕ್ಕೆ ಬೀಳಿಸಿದರು. ಕೈಗೆ ಕಟ್ಟಿದ ಸಾಧನದ ಮೇಲೆ ಅಂಕಿಗಳು ಓದಲಾಗದಷ್ಟು ವೇಗವಾಗಿ ಮಿನುಗುತ್ತಿದ್ದವು. ಕಾಲ ನಿಜಕ್ಕೂ ನಿಧಾನವಾದರೆ ಅಂಕಿಗಳನ್ನು ಓದಬಹುದಾಗಿತ್ತು. ಯಾರಿಗೂ ಆಗಲಿಲ್ಲ. ಆದರೆ ಆಮೇಲೆ ಕೇಳಿದಾಗ, ಬೇರೆಯವರು ಬಿದ್ದುದಕ್ಕಿಂತ ತಾವು ಬಿದ್ದದ್ದು 36 ಶೇಕಡಾ ಹೆಚ್ಚು ಹೊತ್ತು ಎಂದರು. ಕಾಲ ಹಿಗ್ಗುವುದು ಬೀಳುವಾಗಲ್ಲ, ನೆನೆಯುವಾಗ.

ಹೈಮನಿಗಿಂತ ಮೊದಲೂ ಇಂಥ ಹೇಳಿಕೆಗಳಿದ್ದವು. ಗಾಳಿಯ ವೇಗದ ಅಳತೆಗೆ ಇಂದಿಗೂ ಹೆಸರು ಕೊಟ್ಟಿರುವ ಬ್ರಿಟಿಷ್ ನೌಕಾಧಿಕಾರಿ ಫ್ರಾನ್ಸಿಸ್ ಬೋಫರ್ಟ್ ಎಳೆಯನಾಗಿದ್ದಾಗ ಪೋರ್ಟ್ಸ್‌ಮತ್ ಬಂದರಿನಲ್ಲಿ ಮುಳುಗಿ ಬದುಕಿದವನು. ಆ ಹೊತ್ತಿನಲ್ಲಿ ತನ್ನ ಬಾಳು ಹಿಂದುಮುಂದಾಗಿ, ಇತ್ತೀಚಿನದರಿಂದ ಬಾಲ್ಯದತ್ತ ಸುರುಳಿ ಬಿಚ್ಚಿತೆಂದು ಆತ ಬರೆದ ಪತ್ರ 1847ರಲ್ಲಿ ಪ್ರಕಟವಾಯಿತು.

ಬದುಕಿ ಬಂದ ಮೇಲಿನ ಬದುಕಿನ ಕಥೆ ಬೇರೆಯೇ. ಅದಕ್ಕೆ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್‌ಗಿಂತ ಒಳ್ಳೆಯ ಸಾಕ್ಷಿ ಸಿಗಲಾರದು. 1865ರ ಜೂನ್ 9ರಂದು ಆತ ಲಂಡನ್ನಿಗೆ ಬರುತ್ತಿದ್ದ ರೈಲು ಸ್ಟೇಪಲ್‌ಹರ್ಸ್ಟ್ ಎಂಬಲ್ಲಿ ಸೇತುವೆಯಿಂದ ಕೆಳಗುರುಳಿತು. ದುರಸ್ತಿಗೆಂದು ಹಳಿ ತೆಗೆದಿದ್ದರು. ಮೇಸ್ತ್ರಿ ವೇಳಾಪಟ್ಟಿ ನೋಡುವುದರಲ್ಲಿ ತಪ್ಪಿದ್ದ. ಹತ್ತು ಮಂದಿ ಸತ್ತರು. ಡಿಕನ್ಸನ ಬೋಗಿ ಸೇತುವೆಗೆ ಜೋತುಬಿದ್ದು ಉಳಿಯಿತು. ಆತ ಕೆಳಗಿಳಿದು ಟೋಪಿಯಲ್ಲಿ ನೀರು ಹೊತ್ತು ಗಾಯಾಳುಗಳ ಆರೈಕೆ ಮಾಡಿದ. ಬರೆಯುತ್ತಿದ್ದ ಕಾದಂಬರಿಯ ಹಸ್ತಪ್ರತಿ ನೆನಪಾಗಿ ಮತ್ತೆ ಬೋಗಿ ಹತ್ತಿ ತಂದ. ಮೈಮೇಲೆ ಹೇಳಿಕೊಳ್ಳುವಂಥ ಗಾಯವಿಲ್ಲ. ಆದರೆ ಅಂದಿನಿಂದ ರೈಲಿನಲ್ಲಿ ಕೂತರೆ ಒಮ್ಮೊಮ್ಮೆ ಮೈ ನಡುಗಿ ಬೆವರುತ್ತಿತ್ತು. ಆ ನಡುಕ ಅವನನ್ನು ಕೊನೆವರೆಗೂ ಬಿಡಲಿಲ್ಲ. ಆತ ತೀರಿಕೊಂಡದ್ದು 1870ರ ಜೂನ್ 9ರಂದು, ಅಪಘಾತ ನಡೆದು ಸರಿಯಾಗಿ ಐದು ವರ್ಷಕ್ಕೆ. ಅದು ಕಾಕತಾಳೀಯವೇ ಇರಬೇಕು. ನಡುಕ ಮಾತ್ರ ಕಾಕತಾಳೀಯವಲ್ಲ.

ರೈಲು ಅಪಘಾತದಲ್ಲಿ ಮೂಳೆ ಮುರಿಯದೆ ಬಂದವರು ತಿಂಗಳಾದರೂ ನಿದ್ದೆಯಿಲ್ಲದೆ ಕೆಲಸಕ್ಕೆ ಬಾರದೆ ಕೊರಗುವುದನ್ನು ಅಂದಿನ ವೈದ್ಯರು ಗಮನಿಸಿದ್ದರು. ಲಂಡನ್ನಿನ ಶಸ್ತ್ರವೈದ್ಯ ಜಾನ್ ಎರಿಕ್ಸನ್ 1866ರಲ್ಲಿ ಬರೆದ ಪುಸ್ತಕದಲ್ಲಿ ದೋಷವನ್ನು ಬೆನ್ನುಹುರಿಯ ಕುಲುಕಾಟದಲ್ಲಿ ಹುಡುಕಿದ. ಪರಿಹಾರದ ಮೊಕದ್ದಮೆಗಳಲ್ಲಿ ರೈಲ್ವೆ ಕಂಪನಿಗಳು ಅದನ್ನು ಸೋಗು ಎಂದವು. ಇಂಥ ಬೇನೆ ಮನಸ್ಸಿಗೆ ಆದ ಗಾಯವೆಂದು ಅಮೆರಿಕದ ಮನೋವೈದ್ಯರ ಅಧಿಕೃತ ಕೈಪಿಡಿಯಲ್ಲಿ ಹೆಸರು ಪಡೆಯಲು 1980 ಬರಬೇಕಾಯಿತು. ನಮ್ಮ ದೇಶದ ರಸ್ತೆಗಳಲ್ಲಿ 2022ರಲ್ಲಿ ಸತ್ತವರು 1,68,491, ಗಾಯಗೊಂಡವರು 4,43,366 ಎಂದು ಕೇಂದ್ರ ಸಾರಿಗೆ ಇಲಾಖೆಯ ಲೆಕ್ಕ. ಎರಡನೆಯ ಅಂಕಿಯಲ್ಲಿ ಎಷ್ಟು ಹೈಮರು, ಎಷ್ಟು ಡಿಕನ್ಸರು ಎಂಬುದು ಆಸ್ಪತ್ರೆಯ ಬಿಡುಗಡೆ ಚೀಟಿಯಲ್ಲಿ ಬರುವುದಿಲ್ಲ.

ಮರಳಿ ಬರುವುದೇ ಬೇಡವೆನಿಸಿದವರೂ ಇದ್ದಾರೆ. ಮನೋವಿಜ್ಞಾನಿ ಕಾರ್ಲ್ ಯೂಂಗ್ 1944ರ ಆರಂಭದಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡ, ಹಿಂದೆಯೇ ಹೃದಯಾಘಾತವಾಯಿತು. ಆ ಸ್ಥಿತಿಯಲ್ಲಿ ತಾನು ಆಕಾಶದಲ್ಲಿ ಬಲು ಎತ್ತರದಲ್ಲಿ ತೇಲುತ್ತಿದ್ದಂತೆ, ಕೆಳಗೆ ನೀಲಿ ಬೆಳಕಿನಲ್ಲಿ ಭೂಗೋಳ ಕಂಡಂತೆ ಆತ ಬರೆದಿದ್ದಾನೆ. ಪಾದದಡಿ ಸಿಂಹಳ, ಮುಂದೆ ಭಾರತ. ಕಪ್ಪು ಬಂಡೆಯಲ್ಲಿ ಕೊರೆದ ಗುಡಿಯೊಂದರ ಬಾಗಿಲಲ್ಲಿ ಪದ್ಮಾಸನ ಹಾಕಿ ಕೂತ ಕಪ್ಪು ಮೈಬಣ್ಣದ ಹಿಂದೂ. ಆರು ವರ್ಷಗಳ ಹಿಂದೆ ಯೂಂಗ್ ಭಾರತಕ್ಕೆ ಬಂದು ಮೈಸೂರು ಮಹಾರಾಜರ ಅತಿಥಿಯಾಗಿ ಇದ್ದು, ವಿ. ಸುಬ್ರಹ್ಮಣ್ಯ ಅಯ್ಯರ್ ಅವರೊಡನೆ ಚರ್ಚಿಸಿ ಹೋದವನು. ಜ್ಯೂರಿಕ್‌ನ ಪ್ರೊಫೆಸರನ ಪರಲೋಕದ ಬಾಗಿಲಲ್ಲಿ ನಮ್ಮವನೊಬ್ಬ ಕೂತಿರಲು ಈ ಪ್ರವಾಸದ ಸಾಮಗ್ರಿ ಸಾಕಿತ್ತು. ಎಚ್ಚರವಾದ ಮೇಲೆ ಆತನಿಗೆ ಈ ಲೋಕ ಸೆರೆಮನೆಯಂತೆ ಕಂಡಿತು. ಬದುಕಬೇಕೆಂದು ಮನಸ್ಸು ಮಾಡಲು ಮೂರು ವಾರ ಹಿಡಿಯಿತು. ತನ್ನ ಮುಖ್ಯ ಕೃತಿಗಳಲ್ಲಿ ಹಲವು ಆಮೇಲೆ ಬರೆದವು ಎಂದು ಅವನೇ ಹೇಳಿಕೊಂಡಿದ್ದಾನೆ.

ಅಮೆರಿಕದ ರಸ್ಸೆಲ್ ನೋಯಿಸ್ ಮತ್ತು ರಾಯ್ ಕ್ಲೆಟ್ಟಿ 1972ರಲ್ಲಿ ಹೈಮನ ಲೇಖನವನ್ನು ಇಂಗ್ಲಿಷಿಗೆ ತಂದರು. ಮೂರು ವರ್ಷಗಳ ಬಳಿಕ ರೇಮಂಡ್ ಮೂಡಿಯ ಪುಸ್ತಕ ಬಂದು ಸುರಂಗ, ಬೆಳಕು ಮೊದಲಾದವು ಜಗತ್ತಿನ ಮನೆಮಾತಾದವು. ಆದರೆ ಎಲ್ಲರೂ ಅದೇ ಸುರಂಗ ಕಾಣುತ್ತಾರೆಯೇ? ಇದಕ್ಕೆ ಉತ್ತರ ಹುಡುಕಿದವರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮನೋವಿಜ್ಞಾನಿ ಸತ್ವಂತ್ ಪಸ್ರೀಚಾ ಪ್ರಮುಖರು. ಇಯಾನ್ ಸ್ಟೀವನ್ಸನ್ ಜೊತೆ ಅವರು 1986ರಲ್ಲಿ ಪ್ರಕಟಿಸಿದ ವರದಿಯಲ್ಲಿ ಭಾರತದ 16 ಪ್ರಕರಣಗಳಿವೆ. ಮುಂದೆ ಚನ್ನಪಟ್ಟಣದ ಕಡೆಯ ಹಳ್ಳಿಗಳಲ್ಲೂ ಸಮೀಕ್ಷೆ ನಡೆಸಿದರು.

1986ರ ಆ ವರದಿ ಓದಿದರೆ ನಮಗೆ ಅಪರಿಚಿತವೆನಿಸುವುದೇ ಇಲ್ಲ. ದೂತರು ಬಂದು ಎಳೆದೊಯ್ಯುತ್ತಾರೆ. ಅಲ್ಲಿ ಪುಸ್ತಕ ಹಿಡಿದು ಕೂತ ಗುಮಾಸ್ತ ಲೆಕ್ಕ ನೋಡಿ, ಇವನಲ್ಲ, ಅದೇ ಹೆಸರಿನ ಇನ್ನೊಬ್ಬ ಬೇಕಾಗಿದ್ದುದು ಎಂದು ದೂತರನ್ನು ಗದರಿ ವಾಪಸು ಕಳಿಸುತ್ತಾನೆ. ಒಂದು ಪ್ರಕರಣದಲ್ಲಿ ಕುಂಬಾರನ ಬದಲು ಅದೇ ಹೆಸರಿನ ವ್ಯಾಪಾರಿಯನ್ನು ಕರೆದೊಯ್ದಿದ್ದರಂತೆ. ತಾಲ್ಲೂಕು ಕಚೇರಿ ಕಂಡ ಯಾರಿಗೂ ಇದರಲ್ಲಿ ಆಶ್ಚರ್ಯವಿಲ್ಲ. ಹೈಮನಿಗೆ ರಂಗಮಂಚದ ಮೇಲೆ ಕಂಡ ಬಾಳಿನ ಲೆಕ್ಕ ಇಲ್ಲಿ ಚಿತ್ರಗುಪ್ತನ ಕಡತದಲ್ಲಿದೆ. ಒಂದು ವ್ಯತ್ಯಾಸವನ್ನಂತೂ ಮರೆಯಬಾರದು. ಕಾಯಿಲೆ ಬಿದ್ದವನಿಗೆ ದೂತರ ಜೊತೆ ಹೋಗಿಬರುವಷ್ಟು ಸಮಯವಿರುತ್ತದೆ. ಬೆಟ್ಟದಿಂದ ಬಿದ್ದವನಿಗೆ ಇದ್ದದ್ದು ಎರಡು ಸೆಕೆಂಡು.

ಹೈಮನ ನೂರಕ್ಕೆ 95 ಕೂಡ ಮುಂದೆ ನಿಲ್ಲಲಿಲ್ಲ. ನೆದರ್‌ಲೆಂಡ್ಸ್‌ನ ಹೃದಯತಜ್ಞ ಪಿಮ್ ವಾನ್ ಲೊಮ್ಮೆಲ್ ಮತ್ತು ಸಂಗಡಿಗರು ಹೃದಯ ನಿಂತು ಮತ್ತೆ ಬದುಕಿದ 344 ರೋಗಿಗಳನ್ನು ಕೇಳಿ 2001ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಸಾವಿನಂಚಿನ ಅನುಭವ ಹೇಳಿದವರು 62 ಮಂದಿ, ಅಂದರೆ ನೂರಕ್ಕೆ 18. ಉಳಿದವರಿಗೆ ಏನೂ ನೆನಪಿರಲಿಲ್ಲ. ಆದರೆ ಆ ಅಧ್ಯಯನದ ಹೆಚ್ಚು ಬೆಲೆಯುಳ್ಳ ಭಾಗ ಬೇರೆ. ಎರಡು ವರ್ಷಗಳ ಬಳಿಕ ಒಮ್ಮೆ, ಎಂಟು ವರ್ಷಗಳ ಬಳಿಕ ಮತ್ತೊಮ್ಮೆ ಅವರು ಬದುಕುಳಿದವರ ಮನೆಗೆ ಹೋಗಿ ಮಾತಾಡಿಸಿದರು. ಅನುಭವವಾದವರಲ್ಲಿ ಸಾವಿನ ಭಯ ಕಡಿಮೆಯಾಗಿತ್ತು, ಇತರರ ಬಗ್ಗೆ ಕನಿಕರ ಹೆಚ್ಚಿತ್ತು.

ಹೈಮ್ ಬಿದ್ದ ಮೇಲೆ ಇನ್ನೂ 66 ವರ್ಷ ಬದುಕಿದ. 1881ರಲ್ಲಿ ಎಲ್ಮ್ ಎಂಬ ಹಳ್ಳಿಯ ಮೇಲೆ ಬೆಟ್ಟ ಕುಸಿದು 115 ಮಂದಿ ಸತ್ತಾಗ ಅಲ್ಲಿಗೆ ಹೋಗಿ ಆ ಕುಸಿತವನ್ನು ಅಧ್ಯಯನ ಮಾಡಿ ವರದಿ ಬರೆದ. ಬೆಟ್ಟಕುಸಿತ ಮತ್ತು ಮನುಷ್ಯಜೀವಗಳ ಕುರಿತ ಅವನ ದೊಡ್ಡ ಪುಸ್ತಕ ಬಂದದ್ದು 1932ರಲ್ಲಿ, 83ನೆಯ ವಯಸ್ಸಿನಲ್ಲಿ. ಅದಕ್ಕೂ ಮೊದಲು, 1898ರ ಅಕ್ಟೋಬರ್ 3ರಂದು, ಟೋಪಿ ಹಿಡಿಯಹೋಗಿ ಜಾರಿದ ಈ ಮನುಷ್ಯ ಎಡ್ವರ್ಡ್ ಸ್ಪೆಲ್ಟೆರಿನಿಯ ‘ವೇಗಾ’ ಬಲೂನಿನ ಬುಟ್ಟಿ ಹತ್ತಿ, ಸಿಯೋನ್ ಪಟ್ಟಣದಿಂದ ಮೇಲೇರಿ, ಕೆಳಗಿನ ಬೆಟ್ಟಗಳ ಮಡಿಕೆಗಳನ್ನು ನೋಡುತ್ತಾ ಫ್ರಾನ್ಸಿನಲ್ಲಿ ಹೋಗಿ ಇಳಿದ.