ಲಿಂಫೋಬ್ಲಾಸ್ಟಿಕ್ ರಕ್ತಾರ್ಬುದದ ವರ್ಗವಿಭಾಗವೂ ಹೆಬ್ಬಾಳವೂ

ಹೆಬ್ಬಾಳವೆಂದೊಡನೆ ಶಾಸನಾಭ್ಯಾಸಿಗಳಿಗೆ 2018ರಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ವೀರಗಲ್ಲು ನೆನಪಾಗುವುದು. ಗಂಗ ಶ್ರೀಪುರುಷನ ಕಾಲದ, ಕ್ರಿ. ಶ. ಸುಮಾರು 750ರ ಆ ಕಲ್ಲಿನ ಸವೆದ ಅಕ್ಷರಗಳನ್ನು ಓದಿದುದರಿಂದಲೇ ಊರಿನ ಪ್ರಾಚೀನತೆ ಸ್ಥಿರಪಟ್ಟಿತು. ಅದೇ ಊರಿನಲ್ಲಿ ನೆಲೆಸಿದ ಸಂಸ್ಥೆಯೊಂದರಿಂದ ಇಪ್ಪತ್ತೊಂದನೆಯ ಶತಮಾನದ ಆದಿಭಾಗದಲ್ಲಿ ಬೇರೊಂದು ಬಗೆಯ ಓದಿಗೆ, ಎಂದರೆ ಜೀವಕೋಶದೊಳಗಣ ವಂಶವಾಹಿಗಳ ಅಭಿವ್ಯಕ್ತಿಯನ್ನು ಓದುವುದಕ್ಕೆ, ಸಾಧನವು ಸಿದ್ಧವಾಯಿತು. ಅದರ ಮಹತ್ತ್ವವನ್ನರಿಯಲು ಒಂದು ರೋಗನಾಮದ ಇತಿಹಾಸವನ್ನು ಮೊದಲು ನೋಡತಕ್ಕದ್ದು.

1845ರಲ್ಲಿ ಎಡಿನ್‌ಬರೋದ ಬೆನೆಟ್ಟನೂ ಬರ್ಲಿನ್ನಿನ ವಿರ್ಕೋವನೂ ಈ ವ್ಯಾಧಿಯನ್ನು ಪ್ರತ್ಯೇಕವಾಗಿ ವರ್ಣಿಸಿದರು. 1847ರಲ್ಲಿ ವಿರ್ಕೋವನು ‘ಬಿಳಿಯ ರಕ್ತ’ ಎಂಬರ್ಥದ ಗ್ರೀಕ್ ಪದಗಳಿಂದ ಲ್ಯುಕೇಮಿಯಾ ಎಂದು ಹೆಸರಿಟ್ಟನು. ಈ ಒಂದು ಹೆಸರಿನ ಕೆಳಗೆ ಅನೇಕ ವ್ಯಾಧಿಗಳು ಅಡಗಿದ್ದುವು. 1948ರಲ್ಲಿ ಬಾಸ್ಟನ್ನಿನ ಫಾರ್ಬರನು ಅಮೈನಾಪ್ಟರಿನ್ ಔಷಧವನ್ನು ಮಕ್ಕಳಿಗೆ ಕೊಟ್ಟಾಗ ಕೆಲವರಲ್ಲಿ ರೋಗವು ತಾತ್ಕಾಲಿಕವಾಗಿ ಹಿಂಜರಿಯಿತು; ಉಳಿದವರಲ್ಲಿ ಹಿಂಜರಿಯಲಿಲ್ಲ. ಒಂದೇ ಹೆಸರಿನ ರೋಗದಲ್ಲಿ ಈ ಭೇದವೇಕೆ ಎಂಬ ಪ್ರಶ್ನೆ ಆಗಲೇ ಮೂಡಿದ್ದಿತು. 1976ರಲ್ಲಿ ಫ್ರೆಂಚ್, ಅಮೆರಿಕನ್ ಮತ್ತು ಬ್ರಿಟಿಷ್ ತಜ್ಞರು ಕಣಗಳ ಆಕಾರವನ್ನನುಸರಿಸಿ ಲಿಂಫೋಬ್ಲಾಸ್ಟಿಕ್ ರೋಗವನ್ನು ಮೂರು ಬಗೆಯಾಗಿ ವಿಂಗಡಿಸಿದರು. ಆದರೆ ಆಕಾರವೊಂದರಿಂದ ರೋಗದ ಗತಿ ಪೂರ್ಣವಾಗಿ ಗೊತ್ತಾಗುತ್ತಿರಲಿಲ್ಲ.

ಒಬ್ಬ ವ್ಯಕ್ತಿಯ ಜೀವಕೋಶಗಳಲ್ಲಿ ವಂಶವಾಹಿಗಳ ಸಂಪುಟ ಬಹುಮಟ್ಟಿಗೆ ಒಂದೇ. ಯಾವುದು ಎಷ್ಟು ಪ್ರಕಟವಾಗುತ್ತದೆಂಬುದರಲ್ಲಿ ಭೇದ. ಈ ಪ್ರಮಾಣವನ್ನು ಅವು ಹೊರಡಿಸುವ ಆರ್.ಎನ್.ಎ.ಯಿಂದ ಅಳೆಯಬಹುದು. 1999ರಲ್ಲಿ ಗೋಲಬ್ ಮೊದಲಾದವರು 38 ರೋಗಿಗಳ ಮಜ್ಜೆಯಲ್ಲಿ 6,817 ವಂಶವಾಹಿಗಳನ್ನು ಅಳೆದು, 50ನ್ನು ಆರಿಸಿ, ಲಿಂಫೋಬ್ಲಾಸ್ಟಿಕ್ ರೋಗವನ್ನು ಮೈಲಾಯ್ಡ್ ರೋಗದಿಂದ ಬೇರ್ಪಡಿಸಿದರು. 2002ರಲ್ಲಿ ಮೆಂಫಿಸ್ಸಿನ ಸಂಶೋಧಕರು 360 ಮಕ್ಕಳ ಪರೀಕ್ಷೆಯಿಂದ ಲಿಂಫೋಬ್ಲಾಸ್ಟಿಕ್ ರೋಗದ ಒಳಭೇದಗಳಿಗೂ ಬೇರೆಬೇರೆ ಅಭಿವ್ಯಕ್ತಿಕ್ರಮಗಳುಂಟೆಂದು ತೋರಿಸಿದರು. ಎಂ.ಎಲ್.ಎಲ್. ವಂಶವಾಹಿ ಮುರಿದ ಬಗೆಯಲ್ಲಿ ಮೀಸ್1 ಅಧಿಕವಾಗಿರುವುದು ಇಂಥ ಗುರುತುಗಳಲ್ಲೊಂದು.

ರೋಗಿಗಳು ಕೆಲವರು, ವಂಶವಾಹಿಗಳು ಸಹಸ್ರಾರು. ಆದಕಾರಣ ಆಕಸ್ಮಿಕ ಸಾದೃಶ್ಯವನ್ನು ನಿಜವೆಂದು ಭ್ರಮಿಸುವ ಅಪಾಯ ಹೆಚ್ಚು. ಇಲ್ಲಿ ಗಣಿತದ ನೆರವು ಅನಿವಾರ್ಯ. 2000ದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ವಿಜಯ್ ಚಂದ್ರು, ರಮೇಶ್ ಹರಿಹರನ್, ಸ್ವಾಮಿ ಮನೋಹರ್ ಮತ್ತು ವಿ. ವಿನಯ್ ಇವರು ಸ್ಥಾಪಿಸಿದ, ಹೆಬ್ಬಾಳದಲ್ಲಿ ನೆಲೆಸಿದ ಸ್ಟ್ರಾಂಡ್ ಸಂಸ್ಥೆಯು ‘ಅವಾಡಿಸ್’ ಎಂಬ ಗಣಕಸಾಧನವನ್ನು ರೂಪಿಸಿತು. ಅಭಿವ್ಯಕ್ತಿಯ ವಿಶ್ಲೇಷಣೆಗೆ ಬಹುದೇಶಗಳಲ್ಲಿ ಬಳಕೆಯಾದ ಏಜಿಲೆಂಟ್ ಸಂಸ್ಥೆಯ ‘ಜೀನ್‌ಸ್ಪ್ರಿಂಗ್’ ಮುಂದೆ ಇದರ ತಳಹದಿಯ ಮೇಲೆಯೇ ನಿಂತಿತು. ಮೇಲೆ ಹೇಳಿದ ಗುರುತುಗಳನ್ನು ಕಂಡುಹಿಡಿದ ಕೀರ್ತಿ ಹೆಬ್ಬಾಳಕ್ಕೆ ಸಲ್ಲದು. ಇಂಥ ಗುರುತುಗಳನ್ನು ಅರಸುವ ಸಾಧನವನ್ನು ಒದಗಿಸಿದ ಕೀರ್ತಿ ಸಲ್ಲುವುದು.

2009ರಲ್ಲಿ ಈ ಬಗೆಯ ಓದಿನ ಬೆಲೆ ಸ್ಪಷ್ಟವಾಯಿತು. ‘ಫಿಲಡೆಲ್ಫಿಯಾ’ ವರ್ಣತಂತು ಇಲ್ಲದಿದ್ದರೂ, ಅದುಳ್ಳ ರೋಗದಂತೆಯೇ ಅಭಿವ್ಯಕ್ತಿಯನ್ನು ತೋರುವ, ಮರುಕಳಿಸುವ ಸಂಭವ ಹೆಚ್ಚಾಗಿರುವ ಬಗೆಯೊಂದನ್ನು ಎರಡು ಸಂಶೋಧಕವೃಂದಗಳು ಗುರುತಿಸಿದುವು. ವಿಶ್ವ ಆರೋಗ್ಯ ಸಂಸ್ಥೆಯ 2016ರ ವರ್ಗೀಕರಣವು ಅದಕ್ಕೆ ತಾತ್ಕಾಲಿಕ ಸ್ಥಾನವನ್ನು ಕೊಟ್ಟಿತು. ಸೂಕ್ಷ್ಮದರ್ಶಕದಲ್ಲಿ ಉಳಿದವರಂತೆಯೇ ಕಾಣುವ ಮಗುವಿಗೆ ಇನ್ನೂ ಪ್ರಬಲವಾದ ಚಿಕಿತ್ಸೆ ಬೇಕೇ ಬೇಡವೇ ಎಂಬ ವಿಚಾರಕ್ಕೆ ಇದರಿಂದ ಹೊಸ ಆಧಾರ ದೊರೆತಂತಾಯಿತು.